ಪಿಐಮ್ಯಾಕ್ಸ್ ಕಡಿಮೆ ಬಂದರೆ ಸ್ನಾಯು ಸೋತಿದೆ ಅಂತಲೇ?

ಪ್ರಶ್ನೆ:
ಬೊಜ್ಜೂ ಅಸ್ತಮಾವೂ ಇರುವ ಹದಿಹರೆಯದವರಲ್ಲಿ ಪಿಐಮ್ಯಾಕ್ಸ್, ಅಂದರೆ ಉಸಿರೆಳೆಯುವ ಗರಿಷ್ಠ ಒತ್ತಡ, ಕಡಿಮೆ ಬಂದರೆ ರಿಪೋರ್ಟಿನಲ್ಲಿ ‘ಸ್ನಾಯು ದೌರ್ಬಲ್ಯ’ ಎಂದು ಬರೆಯಬಹುದೇ? ಬೊಜ್ಜು, ಅಸ್ತಮಾ ಎರಡೂ ವಪೆಯನ್ನು (ಎದೆ-ಹೊಟ್ಟೆಯ ನಡುವಿನ ಉಸಿರಾಟದ ಸ್ನಾಯು) ಒಂದೇ ರೀತಿ ಕಾಡುತ್ತವೆಯೇ?

ಉತ್ತರ 1:
ಇಲ್ಲ, ಹೆಚ್ಚುಕಡಿಮೆ ಎದುರುಬದುರು. ಬೊಜ್ಜಿನಲ್ಲಿ ಹೊಟ್ಟೆಯ ಭಾರ ವಪೆಯನ್ನು ಮೇಲಕ್ಕೆ ದೂಡುತ್ತದೆ, ಮಲಗಿದಾಗ ಇನ್ನೂ ಜಾಸ್ತಿ. ಉಸಿರು ಬಿಟ್ಟ ಮೇಲೆ ಒಳಗೆ ಉಳಿಯುವ ಗಾಳಿ ಕಡಿಮೆಯಾಗಿ, ಶ್ವಾಸಕೋಶದ ಬುಡದ ಸಣ್ಣ ನಾಳಗಳು ಬೇಗ ಮುಚ್ಚಿಕೊಳ್ಳುತ್ತವೆ. ಇಲ್ಲಿ ಸ್ನಾಯುವಿಗೆ ಎಳೆಯಬೇಕಾದ ಹೊರೆಯೇ ಹೆಚ್ಚು. ಬಲದ ಅಂಕಿ ಸರಿಯಾಗಿದ್ದೂ ಬೇಗ ದಣಿಯಬಹುದು. ಮೇಲುಮೇಲಿನ ಚುರುಕು ಉಸಿರು ಅದಕ್ಕೇ.

ಅಸ್ತಮಾ ಕೆರಳಿದಾಗ ಗಾಳಿ ಒಳಗೇ ಸಿಕ್ಕಿಕೊಳ್ಳುತ್ತದೆ. ಗುಮ್ಮಟದಂತಿರಬೇಕಾದ ವಪೆ ಚಪ್ಪಟೆಯಾಗಿ, ಅದರ ಸ್ನಾಯು ಎಳೆಗಳು ಮೊದಲೇ ಮೊಟಕಾಗಿರುತ್ತವೆ. ಮೊಟಕಾದ ಎಳೆ ಎಷ್ಟೇ ಗಟ್ಟಿಯಿದ್ದರೂ ಪೂರ್ತಿ ಒತ್ತಡ ಹುಟ್ಟಿಸಲಾರದು. ಆಗ ಅಂಕಿ ಇಳಿಯುವುದು ವಪೆಯ ಆಕಾರ, ಜಾಗ ಕೆಟ್ಟಿದ್ದರಿಂದ, ಬಲ ಕುಗ್ಗಿದ್ದರಿಂದಲ್ಲ. ಒಳಗೆ ಸಿಕ್ಕಿದ ಗಾಳಿ ಎಷ್ಟೆಂದು ಸ್ಪೈರೋಮೆಟ್ರಿ (ಊದಿಸಿ ಹೊರಬರುವ ಗಾಳಿ ಅಳೆಯುವ ಪರೀಕ್ಷೆ) ನೇರವಾಗಿ ಹೇಳುವುದಿಲ್ಲ. ಮುಚ್ಚಿದ ಪೆಟ್ಟಿಗೆಯಲ್ಲಿ ಕೂರಿಸಿ ಒಳಗುಳಿದ ಗಾಳಿಯನ್ನೂ ಅಳೆಯುವ ಬಾಡಿ ಪ್ಲೆಥಿಸ್ಮೋಗ್ರಫಿ ನೋಡದೆ ‘ದೌರ್ಬಲ್ಯ’ ಎಂದು ಬರೆಯುವುದು ಆತುರ.

ಉತ್ತರ 2:
ಅದಕ್ಕೂ ಮೊದಲು ಪರೀಕ್ಷೆಯೇ ಸರಿಯಾಗಿದೆಯೇ ನೋಡಿ. ಕೂರಿಸಿ, ಮೂಗಿಗೆ ಕ್ಲಿಪ್ ಹಾಕಿ, ಉಸಿರನ್ನು ಪೂರ್ತಿ ಹೊರಹಾಕಿಸಿದ ಮೇಲೆ ಜೋರಾಗಿ ಎಳೆಸಬೇಕು. ಕನಿಷ್ಠ 1.5 ಸೆಕೆಂಡು ಹಿಡಿಯಬೇಕು. ಲೆಕ್ಕಕ್ಕೆ 1 ಸೆಕೆಂಡು ನಿಂತ ಒತ್ತಡ, ಕ್ಷಣಕಾಲ ಚಿಮ್ಮಿದ್ದಲ್ಲ. ಮೌತ್‌ಪೀಸಿಗೆ ಸಣ್ಣ ಸೋರುಗಂಡಿ ಇರದಿದ್ದರೆ ಕೆನ್ನೆಯಿಂದ ಹೀರಿ ಅಂಕಿ ಏರಿಸಿಬಿಡುತ್ತಾರೆ. ಮೂರು ಪ್ರಯತ್ನಗಳ ಅಂಕಿಗಳಾದರೂ ಒಂದಕ್ಕೊಂದು 10%ರೊಳಗೆ ಹೊಂದಬೇಕು. ಸಾಮಾನ್ಯ ತಪ್ಪು: ಅರ್ಧ ಉಸಿರು ಬಿಟ್ಟಾಗಲೇ ಎಳೆಯುವುದು, ತುಟಿ ಸಂದಿಯಲ್ಲಿ ಸೋರುವುದು. ಎರಡರಲ್ಲೂ ಅಂಕಿ ಸುಳ್ಳೇ ಕಡಿಮೆ.

ಪ್ರಶ್ನೆ ಕೇಳಿದವರು:
ಸರಿ. ನಿಜವಾಗಿಯೂ ಸ್ನಾಯು ಸೊರಗುವುದು ಯಾವಾಗ? ಹೊರೆಯ ವಿರುದ್ಧ ಉಸಿರೆಳೆಸಿ ಸ್ನಾಯು ಬಲಪಡಿಸುವ ತರಬೇತಿ ಸಾಧನ ಕೊಡಬಹುದೇ?

ಉತ್ತರ 1:
ಸ್ಟೀರಾಯ್ಡ್ ಮಾತ್ರೆ ಪದೇಪದೇ ಅಥವಾ ಬಹುಕಾಲ ತಗೊಂಡಿದ್ದರೆ ಅನುಮಾನಿಸಿ. ತೊಡೆಯ ಬಲವೂ ಕುಗ್ಗುವುದರಿಂದ ಕೂತಲ್ಲಿಂದ ಏಳಲು ಕಷ್ಟ ಎನ್ನುತ್ತಾರೆ. ಇನ್‌ಹೇಲರ್ ಸ್ಟೀರಾಯ್ಡಿನ ಮಾಮೂಲಿ ಡೋಸಿಗೆ ಈ ಭಯ ಬೇಡ, ಹೆದರಿ ಅದನ್ನು ನಿಲ್ಲಿಸುವುದೇ ದೊಡ್ಡ ಅಪಾಯ.

ಅಸ್ತಮಾ ಹತೋಟಿಗೆ ಬಂದ ಮೇಲೆ ಸಾಧನ ಕೊಡಬಹುದು. ಪಿಐಮ್ಯಾಕ್ಸಿನ ಸುಮಾರು 30% ಹೊರೆಗೆ ಇಟ್ಟು, ದಿನಕ್ಕೆ ಎರಡು ಸಲ 30 ಉಸಿರು. ವಾರಕ್ಕೊಮ್ಮೆ ಮತ್ತೆ ಅಳೆದು ಹೊರೆ ಸರಿಪಡಿಸಿ. ತಲೆ ಹಗುರಾದರೆ ಉಸಿರಿನ ವೇಗ ಹೆಚ್ಚಾಯಿತೆಂದು ಅರ್ಥ, ನಡುವೆ ನಿಲ್ಲಿಸಿ. ಉಸಿರು ಸುಯ್‌ಗುಟ್ಟುವ ದಿನ ಸಾಧನ ಮುಟ್ಟಿಸಬೇಡಿ.