72 ಸಲ ಮಲೆಯಾ ದಾಟಿದವನು

ದೊಡ್ಡಪ್ಪ: (ಫೋಟೊ ಫಾರ್ವರ್ಡ್) ಟರ್ಕಿಯ ಹಿಯರಾಪೊಲಿಸ್, ರೋಮನ್ನರ ಕಾಲದ ಊರು. ಫ್ಲಾವಿಯಸ್ ಜ್ಯೂಕ್ಸಿಸ್ ಎಂಬ ವ್ಯಾಪಾರಿ ತನ್ನ ಸಮಾಧಿಯ ಮೇಲೆ 72 ಸಲ ಇಟಲಿಗೆ ಹೋಗಿ ಬಂದೆ ಎಂದು ಕೆತ್ತಿಸಿಕೊಂಡಿದ್ದ. ಎಲ್ಲ ಬಿಟ್ಟು ಹೋಗುವಾಗಲೂ ಜಂಬ ಬಿಡಲಿಲ್ಲ ನೋಡಿ!

ಕಿಟ್ಟಿ: ದುಡ್ಡಿದ್ದವರು ಸತ್ತ ಮೇಲೂ ಸುಮ್ನಿರಲ್ಲ ದೊಡ್ಡಪ್ಪ.

ನಾನು: ದೊಡ್ಡಪ್ಪ, ಇದು ಜಂಬ ಅಲ್ಲ. ಫಾರ್ವರ್ಡ್ ಬರೆದವರು ಮುಖ್ಯವಾದ ಮಾತನ್ನೇ ಬಿಟ್ಟಿದ್ದಾರೆ. ಕಲ್ಲಿನ ಮೇಲೆ ಇರುವುದು 'ಮಲೆಯಾ ಭೂಶಿರ ದಾಟಿ ಇಟಲಿಗೆ' ಎಂದು. ಅದು ಗ್ರೀಸಿನ ದಕ್ಷಿಣದ ತುದಿಯಲ್ಲಿದೆ. ಅಲ್ಲಿನ ಗಾಳಿಗೆ ನಾವಿಕರೆಲ್ಲ ಹೆದರುತ್ತಿದ್ದರು. 'ಮಲೆಯಾ ಸುತ್ತುವವನು ಮನೆ ಮರೆತುಬಿಡಲಿ' ಎಂಬ ಗಾದೆಯನ್ನು ಆ ಕಾಲದ ಗ್ರೀಕ್ ಭೂಗೋಳಕಾರ ಸ್ಟ್ರಾಬೊ ಬರೆದಿಟ್ಟಿದ್ದಾನೆ. ಆ ದಾರಿಯೇ ಬೇಡವೆಂದು ಎಷ್ಟೋ ವ್ಯಾಪಾರಿಗಳು ಗ್ರೀಸಿನ ಬಂದರು ಊರಾದ ಕೊರಿಂಥ್‌ನಲ್ಲೇ ಸರಕು ಇಳಿಸುತ್ತಿದ್ದರಂತೆ.

ಕಿಟ್ಟಿ: ಆದರೂ ಎಣಿಸಿ ಬರೆಸಿದ್ದಾನಲ್ಲ?

ನಾನು: ಎಣಿಸಿದ್ದು ಏನನ್ನು ಹೇಳು? ಎಷ್ಟು ಗಳಿಸಿದೆ, ಏನು ಮಾರಿದೆ, ಒಂದೂ ಇಲ್ಲ. ಅವನ ಊರು ಉಣ್ಣೆಗೆ, ಬಣ್ಣ ಹಾಕುವ ಕೆಲಸಕ್ಕೆ ಹೆಸರಾಗಿತ್ತು. ಅದರ ಸುದ್ದಿಯನ್ನೂ ಎತ್ತಿಲ್ಲ. ಚಳಿಗಾಲದಲ್ಲಿ ಹಡಗು ಬಿಡುತ್ತಿದ್ದದ್ದೇ ಕಡಿಮೆ. ವರ್ಷಕ್ಕೆ 2 ಸಲ ಅಂದರೂ 36 ವರ್ಷದ ದುಡಿಮೆ. ಅಷ್ಟು ಸಲ ಮುಳುಗದೆ ಉಳಿದವನು ಅದೊಂದನ್ನು ಬರೆಸಿದರೆ ತಪ್ಪೇನು? ಆಮೇಲೆ ಇರುವುದು ಇಷ್ಟೇ: ಈ ಸಮಾಧಿ ತನಗೆ, ಮಕ್ಕಳಾದ ಥಿಯೊಡೊರಸ್ ಮತ್ತು ಥ್ಯೂಡಾಸ್‌ಗೆ, ಅವರು ಒಪ್ಪಿದವರಿಗೆ.

ಅತ್ತೆ: ನಾನು ಓದುತ್ತಲೇ ಇದ್ದೆ. ಹೆಂಡತಿ ಎಲ್ಲಪ್ಪ ಇದರಲ್ಲಿ?

ನಾನು: ಹೆಸರಿಲ್ಲ ಅತ್ತೆ.

ಅತ್ತೆ: ಅಲ್ವಾ! ಅವನು ಹೋಗಿ ಬರುವ ತನಕ ಮಕ್ಕಳನ್ನು ನೋಡಿಕೊಂಡವಳು ಯಾರೋ ಇದ್ದಳಲ್ಲ. ಅವಳನ್ನು ಬಿಟ್ಟು ಮಲೆಯಾ ಎಣಿಸಿದರೆ ನಾನು ಜಂಬ ಅಂತಲೇ ಹೇಳುವುದು. ಮಕ್ಕಳು ಒಪ್ಪಿದರೆ ಅವಳಿಗೂ ಜಾಗ, ಅಷ್ಟೇ ತಾನೆ?

ದೊಡ್ಡಪ್ಪ: ಹಾಗೆ ಹೇಳು ತಂಗಿ.

ನಾನು: ಈ ಮಾತಿಗೆ ನನ್ನ ಬಳಿ ಉತ್ತರವಿಲ್ಲ ಅತ್ತೆ. ಆದರೆ ಆ ಊರಲ್ಲಿ ಎಲ್ಲರೂ ಹೀಗಿರಲಿಲ್ಲ. ಅಲ್ಲೇ, ಜ್ಯೂಕ್ಸಿಸ್‌ಗಿಂತ ಎಷ್ಟೋ ವರ್ಷ ಆಮೇಲಿನ ಇನ್ನೊಂದು ಸಮಾಧಿ ಇದೆ. ಅದರ ಮೇಲೆ ಗ್ಲೈಕಾನ್ ಎಂಬವನ ಜೊತೆ ಹೆಂಡತಿ ಔರೇಲಿಯಾ ಅಮಿಯಾ ಹೆಸರೂ ಇದೆ, ಅವಳ ತಂದೆಯ ಹೆಸರೂ ಇದೆ. ಪ್ರತಿ ವರ್ಷ ಸಮಾಧಿಗೆ ಹಾರ ಹಾಕಲಿ ಎಂದು ನೇರಳೆ ಬಣ್ಣ ಹಾಕುವವರ ಸಂಘಕ್ಕೆ 200 ದೆನಾರಿ (ರೋಮನ್ ನಾಣ್ಯ), ಜಮಖಾನೆ ನೇಯುವವರ ಸಂಘಕ್ಕೆ 150 ದೆನಾರಿ ಕಟ್ಟಿದ್ದರು. ಅಸಲು ಮುಟ್ಟುವ ಹಾಗಿಲ್ಲ, ಬಡ್ಡಿಯಲ್ಲೇ ಆಗಬೇಕು. ಹಾರ ಹಾಕುವ ದಿನಗಳಲ್ಲಿ ಯಹೂದಿಗಳ ಹುಳಿಯಿಲ್ಲದ ರೊಟ್ಟಿಯ ಹಬ್ಬವೂ ಇತ್ತು, ರೋಮನ್ನರ ಹೊಸ ವರ್ಷವೂ ಇತ್ತು.

ಕಿಟ್ಟಿ: ಇಬ್ಬರ ಹಬ್ಬವೂನಾ? ಅವರು ಯಾವ ಧರ್ಮದವರು?

ನಾನು: ಆ ಜಗಳ ವಿದ್ವಾಂಸರಲ್ಲೇ ಮುಗಿದಿಲ್ಲ ಕಿಟ್ಟಿ.

ಅತ್ತೆ: ಅದು ಯಾವುದಾದರೂ ಆಗಲಿ. ಅಮಿಯಾ ಸಮಾಧಿಯ ಫೋಟೊ ಸಿಕ್ಕರೆ ಹಾಕು. ಅಣ್ಣಾ, ನೀನು ಫಾರ್ವರ್ಡ್ ಮಾಡುವುದಾದರೆ ಅದನ್ನು ಮಾಡು.

ದೊಡ್ಡಪ್ಪ: ಆಯ್ತಮ್ಮಾ. ಮಲೆಯಾ ವಿಷಯವನ್ನೂ ಸೇರಿಸಿ ಬರೆದು ಕೊಡು ಮರಿ, ನಾನು ನಮ್ಮ ವಾಕಿಂಗ್ ಗುಂಪಿಗೂ ಕಳಿಸುತ್ತೇನೆ.