ಥರ್ಮೋಕೋಲ್ ಲೋಟದಲ್ಲಿ ತಟಸ್ಥೀಕರಣದ ಉಷ್ಣ ಕಡಿಮೆ ಬರುವುದೇಕೆ?

ಪ್ರಶ್ನೆ:
ತಟಸ್ಥೀಕರಣದ ಉಷ್ಣವನ್ನು, ಅಂದರೆ ಆಮ್ಲ ಮತ್ತು ಕ್ಷಾರ ಬೆರೆತು 1 ಮೋಲ್ ನೀರು ಆಗುವಾಗ ಹೊಮ್ಮುವ ಉಷ್ಣವನ್ನು ಅಳೆಯಲು, ಮುಚ್ಚಳವಿರುವ ಥರ್ಮೋಕೋಲ್ ಲೋಟದಲ್ಲಿ 1 ಮೋಲಾರ್ (ಲೀಟರಿಗೆ 1 ಮೋಲ್) ಹೈಡ್ರೋಕ್ಲೋರಿಕ್ ಆಮ್ಲ 50 ಮಿ.ಲೀ. ತೆಗೆದುಕೊಂಡು, ಅಷ್ಟೇ ಸಾರತೆಯ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣವನ್ನು 50 ಮಿ.ಲೀ. ಸುರಿದೆ. ಎರಡು ನಿಮಿಷ ಬಿಟ್ಟು ನೋಡಿದಾಗ ಉಷ್ಣತೆ 5.9 ಡಿಗ್ರಿ ಸೆಲ್ಸಿಯಸ್ ಏರಿತ್ತು. ದ್ರಾವಣ 100 ಗ್ರಾಂ, ವಿಶಿಷ್ಟ ಉಷ್ಣ (1 ಗ್ರಾಂ 1 ಡಿಗ್ರಿ ಏರಲು ಬೇಕಾದ ಉಷ್ಣ) ನೀರಿನಷ್ಟೇ, ಅಂದರೆ 4.18 ಜೂಲ್ ಎಂದು ಹಿಡಿದರೆ 2,466 ಜೂಲ್, 0.05 ಮೋಲ್‌ನಿಂದ ಭಾಗಿಸಿದರೆ ಮೋಲ್‌ಗೆ 49.3 ಕಿಲೋಜೂಲ್. ಪುಸ್ತಕದಲ್ಲಿ 57ರ ಆಸುಪಾಸು ಎಂದಿದೆ. ಮೂರು ಸಲವೂ ಹೀಗೆಯೇ ಆಯಿತು. ಉಳಿದ ಉಷ್ಣ ಎಲ್ಲಿ ಹೋಯಿತು?

ಉತ್ತರ 1:
ಮೂರು ಸಲವೂ ಕಡಿಮೆಯೇ ಬಂದಿದೆ ಎಂದರೆ ಅದು ಓದುವಾಗಿನ ಏರುಪೇರಲ್ಲ, ವಿಧಾನದಲ್ಲೇ ಇರುವ ಸೋರಿಕೆ. ಎಷ್ಟು ಸಲ ಮಾಡಿ ಸರಾಸರಿ ತೆಗೆದರೂ ಅದು ಹೋಗುವುದಿಲ್ಲ. ನೀವು ಕಾದ ಆ ಎರಡು ನಿಮಿಷಗಳಲ್ಲಿ ಲೋಟ ತಣಿಯುತ್ತಲೇ ಇತ್ತು. ಬೆರೆಸುವ ಮೊದಲು ನಾಲ್ಕು ನಿಮಿಷ, ಬೆರೆಸಿದ ಮೇಲೆ ಎಂಟು ನಿಮಿಷ, ಪ್ರತಿ ಅರ್ಧ ನಿಮಿಷಕ್ಕೊಮ್ಮೆ ಉಷ್ಣತೆ ಬರೆದುಕೊಂಡು ನಕ್ಷೆ ಎಳೆಯಿರಿ. ಇಳಿಯುತ್ತಿರುವ ಗೆರೆಯನ್ನು ಬೆರೆಸಿದ ಕ್ಷಣದವರೆಗೆ ಹಿಂದಕ್ಕೆ ಚಾಚಿದರೆ, ಉಷ್ಣ ಸೋರದೇ ಇದ್ದಿದ್ದರೆ ಎಷ್ಟು ಏರುತ್ತಿತ್ತು ಎಂಬುದು ಸಿಗುತ್ತದೆ.

ಲೋಟ ಮತ್ತು ಥರ್ಮಾಮೀಟರ್ ಹೀರಿದ ಉಷ್ಣವನ್ನೂ ಕೂಡಿಸಬೇಕು. ಲೋಟದಲ್ಲಿರುವ 25 ಡಿಗ್ರಿಯ 50 ಗ್ರಾಂ ನೀರಿಗೆ 60 ಡಿಗ್ರಿಯ 50 ಗ್ರಾಂ ನೀರು ಸುರಿದಾಗ ಉಷ್ಣತೆ 42.5ಕ್ಕೆ ಬದಲು 42.0ಕ್ಕೆ ನಿಂತಿತು ಎನ್ನೋಣ. ಬಿಸಿನೀರು ಕಳೆದುಕೊಂಡದ್ದು 3,762 ಜೂಲ್, ತಣ್ಣೀರು ಪಡೆದದ್ದು 3,553. ವ್ಯತ್ಯಾಸದ 209 ಜೂಲನ್ನು ಲೋಟ 25ರಿಂದ 42ಕ್ಕೆ ಏರಿದ 17 ಡಿಗ್ರಿಯಿಂದ ಭಾಗಿಸಿದರೆ, ಪ್ರತಿ ಡಿಗ್ರಿಗೆ ಸುಮಾರು 12.3 ಜೂಲ್ ಲೋಟದ ಪಾಲು.

ಉತ್ತರ 2:
ಮೇಲಿನ ಮಾತು ಸರಿ. ಆದರೆ ನನಗೆ ಹೆಚ್ಚು ಅನುಮಾನವಿರುವುದು ಕ್ಷಾರದ ಮೇಲೆ. ಸೋಡಿಯಂ ಹೈಡ್ರಾಕ್ಸೈಡ್ ಹರಳುಗಳು ತೂಗುವಷ್ಟರಲ್ಲೇ ಗಾಳಿಯ ತೇವ ಹೀರಿ ಒದ್ದೆಯಾಗಿ ಹೊಳೆಯತೊಡಗುತ್ತವೆ, ಇಂಗಾಲದ ಡೈಆಕ್ಸೈಡನ್ನೂ ಹೀರುತ್ತವೆ. ಹಾಗಾಗಿ ತೂಕ ನೋಡಿ ತಯಾರಿಸಿದ ದ್ರಾವಣ 1 ಮೋಲಾರ್ ಇರುವುದಿಲ್ಲ. ದಯವಿಟ್ಟು ಟೈಟ್ರೇಷನ್ ಮಾಡಿ, ಅಂದರೆ ಸಾರತೆ ಗೊತ್ತಿರುವ ಆಮ್ಲ ಎಷ್ಟು ಹಿಡಿಯುತ್ತದೆ ಎಂದು ಅಳೆದು ಕ್ಷಾರದ ನಿಜವಾದ ಸಾರತೆ ನೋಡಿ. ಇನ್ನೊಂದು ವಿಷಯ: ಹರಳು ಕರಗುವಾಗ ಸಾಕಷ್ಟು ಬಿಸಿ ಹುಟ್ಟುತ್ತದೆ, ಆದ್ದರಿಂದ ದ್ರಾವಣ ಪೂರ್ತಿ ತಣಿದ ಮೇಲಷ್ಟೇ ಬಳಸಿ, ಆಮ್ಲ ಮತ್ತು ಕ್ಷಾರ ಎರಡರ ಆರಂಭದ ಉಷ್ಣತೆಯನ್ನೂ ಬೇರೆಬೇರೆಯಾಗಿ ಗುರುತಿಸಿಕೊಳ್ಳಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ನಕ್ಷೆಯಿಂದ ಏರಿಕೆ 6.4 ಡಿಗ್ರಿ ಸಿಕ್ಕಿತು. ನನ್ನ ಲೋಟದ ಪಾಲು ಡಿಗ್ರಿಗೆ 12 ಜೂಲ್. ಎರಡನ್ನೂ ಸೇರಿಸಿದಾಗ 2,752 ಜೂಲ್, ಅಂದರೆ ಮೋಲ್‌ಗೆ 55.0 ಕಿಲೋಜೂಲ್. ಟೈಟ್ರೇಷನ್‌ನಲ್ಲಿ ಕ್ಷಾರ 0.98 ಮೋಲಾರ್ ಎಂದು ತಿಳಿಯಿತು; 0.049 ಮೋಲ್‌ನಿಂದ ಭಾಗಿಸಿದರೆ 56.2 ಬರುತ್ತದೆ.