ರೇಸ್ ಫಲಿತಾಂಶದಲ್ಲಿ ‘ನಿವೃತ್ತಿ’: ಟೋನಿ ಬ್ರೈಸ್ ನಿವೃತ್ತರಾದದ್ದು ಯಾವಾಗ?

ಪ್ರಶ್ನೆ: ಬ್ರಿಟನ್ನಿನ ಫಾರ್ಮುಲಾ ಒನ್ ಚಾಲಕ ಟೋನಿ ಬ್ರೈಸ್ ಬಗೆಗಿನ ಲೇಖನವೊಂದರ ಕರಡಿನಲ್ಲಿ ‘1975ರ ಬೆಲ್ಜಿಯಂ ಗ್ರ್ಯಾನ್ ಪ್ರಿಯಲ್ಲಿ ಬ್ರೈಸ್ ನಿವೃತ್ತರಾದರು’ ಎಂದಿದೆ. ಮುಂದಿನ ಸಾಲಿನಲ್ಲೇ ಸ್ವೀಡನ್‌ನಲ್ಲಿ ಆರನೆಯವರಾಗಿ ಬಂದು ಒಂದು ಅಂಕ ಗಳಿಸುತ್ತಾರೆ! ರೇಸ್ ನಡುವೆಯೇ ಕಾರು ನಿಂತರೆ ಇಂಗ್ಲಿಷಿನಲ್ಲಿ ಹೇಳುವ ‘ರಿಟೈರ್ಡ್’ ಎಂಬುದಕ್ಕೆ ಇಲ್ಲಿ ಏನು ಬರೆಯಬೇಕು? ‘ರೇಸ್ ಬಿಟ್ಟರು’ ಆದೀತೆ?

ಉತ್ತರ: ಕ್ರಿಕೆಟ್‌ನಲ್ಲಿ ‘ಗಾಯಗೊಂಡು ನಿವೃತ್ತಿ’ ನಡೆದುಹೋಗುತ್ತದೆ; ‘ಗಾಯಗೊಂಡು’ ಎಂಬುದು ಅರ್ಥವನ್ನು ಕಾಯುತ್ತದೆ. ಒಂಟಿಯಾಗಿ ನಿಂತ ‘ನಿವೃತ್ತಿ’ ಎಂದರೆ ನಮಗೆ ಪಿಂಚಣಿಯೇ. ಬ್ರೈಸ್ ಆಡಿದ್ದೇ ಹತ್ತು ವಿಶ್ವ ಚಾಂಪಿಯನ್‌ಷಿಪ್ ರೇಸ್, ಎಲ್ಲವೂ 1975ರಲ್ಲಿ. ಮೊದಲನೆಯದು ವಿಲಿಯಮ್ಸ್ ತಂಡಕ್ಕೆ, ಉಳಿದ ಒಂಬತ್ತು ಮಾಜಿ ವಿಶ್ವ ಚಾಂಪಿಯನ್ ಗ್ರಹಾಂ ಹಿಲ್ ಅವರ ತಂಡಕ್ಕೆ. ಅದರಲ್ಲಿ ಬೆಲ್ಜಿಯಂ, ಜರ್ಮನಿ, ಇಟಲಿ, ಅಮೆರಿಕ ಹೀಗೆ ನಾಲ್ಕು ಸಲ ‘ನಿವೃತ್ತರು’ ಎಂದು ಬರೆದರೆ ಓದುಗ ಕಕ್ಕಾಬಿಕ್ಕಿ. ವೃತ್ತಿಯಿಂದಂತೂ ಅವರು ನಿವೃತ್ತರಾಗಲೇ ಇಲ್ಲ. ಆ ನವೆಂಬರ್ 29ರಂದು ಹಿಲ್ ನಡೆಸುತ್ತಿದ್ದ ವಿಮಾನ ಲಂಡನ್ ಬಳಿಯ ಆರ್ಕ್ಲಿಯಲ್ಲಿ ಬಿದ್ದಾಗ ತಂಡದ ಇತರರ ಜತೆ ತೀರಿಕೊಂಡರು, ವಯಸ್ಸು 23.

‘ರೇಸ್ ಬಿಟ್ಟರು’ ಇನ್ನೂ ಕೆಟ್ಟದ್ದು, ರೇಸಿಂಗನ್ನೇ ಬಿಟ್ಟಂತೆ ಕೇಳುತ್ತದೆ. ‘ಹಿಂದೆ ಸರಿದರು’ ಎಂಬುದನ್ನು ಹೆಸರು ಕೊಟ್ಟು ಆಮೇಲೆ ಸ್ಪರ್ಧಿಸದವರಿಗೆ ಮೀಸಲಿಡಿ. ವಾಕ್ಯದಲ್ಲಿ ಕಾರನ್ನೇ ಕರ್ತೃ ಮಾಡಿದರೆ ತೊಡಕೇ ಇರದು: ‘ಬೆಲ್ಜಿಯಂನಲ್ಲಿ ಎಂಜಿನ್ ಕೈಕೊಟ್ಟು ಕಾರು ಅರ್ಧದಲ್ಲೇ ನಿಂತಿತು.’ ಕೋಷ್ಟಕದಲ್ಲಿ ‘ಅರ್ಧಕ್ಕೆ (ಎಂಜಿನ್)’ ಸಾಕು. ಇಟಲಿ, ಅಮೆರಿಕಗಳ ಎದುರು ಬರೀ ‘ಅಪಘಾತ’ ಎಂದು ಹಾಕಬೇಡಿ; ಸಾವಿನ ಸುದ್ದಿಯಿರುವ ಲೇಖನದಲ್ಲಿ ಆ ಪದಕ್ಕೆ ಬೇರೆ ಭಾರವಿದೆ. ‘ಅರ್ಧಕ್ಕೆ (ಡಿಕ್ಕಿ)’ ಎನ್ನಿ.

ಮರುಪ್ರಶ್ನೆ: ಹಾಗಾದರೆ ‘ಪೂರ್ಣಗೊಳಿಸಲಿಲ್ಲ’?

ಉತ್ತರ: ಅದು ಬ್ರಿಟನ್ನಿನ ಸಿಲ್ವರ್‌ಸ್ಟೋನ್ ಟ್ರ್ಯಾಕ್‌ನಲ್ಲಿ ಎಡವುತ್ತದೆ. ಆ ವರ್ಷದ ಬ್ರಿಟಿಷ್ ಗ್ರ್ಯಾನ್ ಪ್ರಿಯಲ್ಲಿ ಜಡಿಮಳೆ ಸುರಿದು ಕಾರುಗಳು ಒಂದರ ಹಿಂದೊಂದು ಜಾರಿ ಬೇಲಿಗೆ ಬಡಿದವು, ರೇಸ್ ನಿಲ್ಲಿಸಿದರು. ಗೆದ್ದ ಎಮರ್ಸನ್ ಫಿಟಿಪಾಲ್ಡಿ ಮುಗಿಸಿದ್ದು 56 ಸುತ್ತು. ಎರಡರಿಂದ ಐದನೇ ಸ್ಥಾನದವರೆಲ್ಲ ಬಡಿದು ನಿಂತವರೇ! ಬ್ರೈಸ್ ಕೂಡ 53 ಸುತ್ತಾದ ಮೇಲೆ ಹಾಗೇ ನಿಂತರು, ಆದರೂ 15ನೇ ಸ್ಥಾನ ಸಿಕ್ಕಿತು. ಗೆದ್ದವನ ಸುತ್ತುಗಳಲ್ಲಿ ಶೇ 90 ಆಗಿದ್ದರೆ ಸ್ಥಾನ ಲೆಕ್ಕಕ್ಕೆ ಬರುತ್ತದೆ. 56ಕ್ಕೆ ಅದು 50 ಚಿಲ್ಲರೆ. ಅಂದರೆ ಕಾರು ಓಡುತ್ತಿತ್ತೇ ಎಂಬುದು ಒಂದು ಮಾತು, ಸ್ಥಾನ ಸಿಕ್ಕಿತೇ ಎಂಬುದು ಇನ್ನೊಂದು. ‘ಕ್ಲಾಸಿಫೈಡ್’ಗೆ ‘ವರ್ಗೀಕೃತ’ ಎಂದು ಹಾಕುವವರಿದ್ದಾರೆ, ಗ್ರಂಥಾಲಯದ ವಾಸನೆ ಹೊಡೆಯುತ್ತದೆ. ‘ಸ್ಥಾನ ಪಡೆದವರು’ ಎಂದರೆ ಯಾರಿಗೂ ತಿಳಿಯುತ್ತದೆ. ಮುಗಿಸಿಯೂ ಸುತ್ತು ಸಾಲದವರು ‘ಸ್ಥಾನವಿಲ್ಲ’. ಬ್ರಿಟನ್ ಸಾಲು ಹೀಗಿರಲಿ: ‘15 (ಡಿಕ್ಕಿ, 53 ಸುತ್ತು)’.

ಇನ್ನೊಂದು: ಸ್ಪೇನ್‌ನಲ್ಲಿ ನಡೆದ ಅವರ ಮೊದಲ ರೇಸ್ 29 ಸುತ್ತಿಗೇ ನಿಂತು ಅರ್ಧ ಅಂಕಗಳಷ್ಟೇ ಹಂಚಿಕೆಯಾದವು. ಬ್ರೈಸ್ ಏಳನೆಯವರು. ಆಗ ಅಂಕ ಆರನೇ ಸ್ಥಾನದವರೆಗೆ ಮಾತ್ರ. ಆರನೆಯವರಾದ ಇಟಲಿಯ ಚಾಲಕಿ ಲೆಲ್ಲಾ ಲೊಂಬಾರ್ಡಿಗೆ ಅರ್ಧ ಅಂಕ, ಬ್ರೈಸ್‌ಗೆ ಸೊನ್ನೆ. ಕೋಷ್ಟಕದಲ್ಲಿ ‘ಅರ್ಧ ಅಂಕ’ ಬರುವ ಕಡೆ ‘ಅರ್ಧಕ್ಕೆ’ ಜತೆ ಕಲಸಿಹೋಗದಂತೆ ಅಂಕವನ್ನು 0.5 ಎಂದೇ ಬರೆಯಿರಿ.